ದೇವರು ತಂಡದಲ್ಲಿದ್ದರೆ ಮನುಷ್ಯರಿಗೇನು ಕೆಲಸ?

ಥಾರ್, ಹರ್ಕ್ಯುಲಿಸ್‌ನಂಥ ದೇವರುಗಳನ್ನು ಮಾರ್ವೆಲ್ ಕಾಮಿಕ್ಸ್‌ನ ಅವೆಂಜರ್ಸ್ ಅನ್ನೋ ಸೂಪರ್‌ಹೀರೋ ತಂಡಕ್ಕೆ ಸೇರಿಸಿದರೆ ಮಿಕ್ಕವರಿಗೆ ಕೆಲಸವೇ ಇರೋದಿಲ್ಲ, ಕಥೆ ಸಪ್ಪೆಯಾಗೋದಿಲ್ವಾ ಅಂತ ಕೇಳಿದ್ದೀರಿ. ದೇವರ ಕೈಯನ್ನು ಎಲ್ಲಿ ಕಟ್ಟಬೇಕು ಅನ್ನೋದು ಬರೆಯುವವನಿಗೆ ಗೊತ್ತಿದ್ದರೆ ಸಪ್ಪೆಯಾಗೋದಿಲ್ಲ.

ನಾನು ಮಂಡ್ಯದ ಕಡೆಯವನು. ನಮ್ಮ ಹಳ್ಳಿಗಳಲ್ಲಿ ಊರವರೇ ದುಡ್ಡು ಹಾಕಿಕೊಂಡು, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಪಾರ್ಟು ಕಲಿತು, ರಾತ್ರಿಯಿಡೀ ‘ಕುರುಕ್ಷೇತ್ರ’ ನಾಟಕ ಆಡುತ್ತಾರೆ. ಅಲ್ಲಿ ಕೃಷ್ಣ ಮನಸ್ಸು ಮಾಡಿದರೆ ಯುದ್ಧ ಒಂದು ಗಳಿಗೆಯಲ್ಲಿ ಮುಗಿಯುತ್ತೆ, ಇದು ನೋಡುವವರಿಗೆಲ್ಲ ಗೊತ್ತು. ಆದರೂ ಯಾರೂ ಎದ್ದು ಹೋಗೋದಿಲ್ಲ. ಆಯುಧ ಹಿಡಿಯೋದಿಲ್ಲ ಅಂತ ಮಾತು ಕೊಟ್ಟು ಬಂದಿದ್ದಾನಲ್ಲ! ಸೇನೆ ದುರ್ಯೋಧನನ ಪಾಲಿಗೆ, ಬರಿಗೈ ಕೃಷ್ಣ ಅರ್ಜುನನ ಪಾಲಿಗೆ. ಬಾಣ ಬಿಡಬೇಕಾದವನು ಅರ್ಜುನನೇ, ತೊಡೆ ಮುರಿಯಬೇಕಾದವನು ಭೀಮನೇ. ಭೀಷ್ಮನ ಮೇಲೆ ರೇಗಿ ಕೃಷ್ಣ ರಥದಿಂದ ಧುಮುಕಿದಾಗ ಮೈ ಜುಂ ಅನ್ನೋದು ಆ ಮಾತು ಇರೋದರಿಂದಲೇ.

ಮಾರ್ವೆಲ್‌ನವರೂ ಶುರುವಿನಿಂದಲೇ ಇಂಥ ಕಟ್ಟು ಹಾಕಿದ್ದರು. 1962ರಲ್ಲಿ ಥಾರ್ ಮೊದಲು ಬಂದಾಗ ಅವನು ಕುಂಟು ಕಾಲಿನ ಡಾಕ್ಟರ್ ಡೊನಾಲ್ಡ್ ಬ್ಲೇಕ್. ಊರುಗೋಲನ್ನು ನೆಲಕ್ಕೆ ಕುಟ್ಟಿದರೆ ಥಾರ್. ಸುತ್ತಿಗೆ ಕೈಬಿಟ್ಟು 60 ಸೆಕೆಂಡ್ ಆದರೆ ಮತ್ತೆ ಡಾಕ್ಟರ್. ಮಗನ ಸೊಕ್ಕು ಇಳಿಸೋಕೆ ಅಪ್ಪ ಓಡಿನ್ನೇ ಹೀಗೆ ಮಾಡಿದ್ದ ಅನ್ನೋದನ್ನು ಆಮೇಲೆ ಹೇಳಿದರು. 1963ರಲ್ಲಿ ಅವೆಂಜರ್ಸ್ ಹುಟ್ಟಿದ್ದೂ ದೇವರ ಮನೆಯ ಜಗಳದಿಂದಲೇ: ಥಾರ್‌ನನ್ನು ಕೆಣಕೋಕೆ ಅವನ ಸಾಕುತಮ್ಮ ಲೋಕಿ, ಹಸಿರು ದೈತ್ಯ ಹಲ್ಕ್‌ನನ್ನು ದಾಳ ಮಾಡಿಕೊಂಡ, ಅದನ್ನು ಬಿಡಿಸೋಕೆ ಬಂದವರೆಲ್ಲ ಸೇರಿ ತಂಡವಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹರ್ಕ್ಯುಲಿಸ್ ಪ್ರಸಂಗ. ರೋಜರ್ ಸ್ಟರ್ನ್ ಬರೆದು ಜಾನ್ ಬ್ಯುಸೆಮಾ ಚಿತ್ರ ಬಿಡಿಸಿದ 1986-87ರ ಸಂಚಿಕೆಗಳು. ಆಗ ತಂಡಕ್ಕೆ ನಾಯಕಿ ವಾಸ್ಪ್, ಮನುಷ್ಯಳು, ಕುಗ್ಗಿದರೆ ಹುಳುವಿನಷ್ಟಾಗುವವಳು. ಹೆಂಗಸಿನ ಅಪ್ಪಣೆ ಕೇಳಬೇಕಾ ಅಂತ ಹರ್ಕ್ಯುಲಿಸ್‌ಗೆ ಒಳಗೊಳಗೇ ಉರಿ. ಶತ್ರುಗಳು ತಂಡದ ಮನೆಯನ್ನೇ ವಶ ಮಾಡಿಕೊಂಡಾಗ ತಾಳು ಅಂದವಳ ಮಾತು ಮೀರಿ, ಕುಡಿದ ಅಮಲಿನಲ್ಲಿ ಒಬ್ಬನೇ ನುಗ್ಗುತ್ತಾನೆ. ಕುಡಿತದಲ್ಲಿ ಮದ್ದು ಬೆರೆಸಿದ್ದಾರೆ. ಗುಂಪು ಕಟ್ಟಿಕೊಂಡು ಹೊಡೆದು ಪ್ರಜ್ಞೆ ತಪ್ಪಿಸುತ್ತಾರೆ. ಸೋಲಿಗೆ ಕಾರಣ ಶತ್ರುವಿನ ಬಲ ಅಷ್ಟೇ ಅಲ್ಲ, ಇವನ ಗರ್ವವೂ ಹೌದು. ಇಂಥ ಗರ್ವಕ್ಕೆ ದೇವರಾದವನು ಬೀಳೋದನ್ನು ಓದಿದಾಗ ಅವನು ಮೊದಲ ಸಲ ನನಗೆ ಹತ್ತಿರದವನು ಅನ್ನಿಸಿದ.

ಅಲ್ಲಿಗೆ ಮುಗಿಯೋದಿಲ್ಲ. ಮಗನ ಗತಿ ಕಂಡ ಜ್ಯೂಸ್, ತಪ್ಪು ಅವೆಂಜರ್ಸ್‌ದೇ ಅಂತ ಅವರನ್ನು ಹಿಡಿದು ತರಿಸುತ್ತಾನೆ. ಅಪ್ಪನ ಸಂಕಟ, ದೇವರ ರಾಜನ ಕೋಪ, ಎರಡೂ ಒಬ್ಬನಲ್ಲೇ ಸೇರಿದರೆ ಎದುರು ನಿಂತವರ ಪಾಡೇನು ಹೇಳಿ. ಹರ್ಕ್ಯುಲಿಸ್ ಎದ್ದು ಬಂದು ಅಪ್ಪನನ್ನು ತಡೆಯುವ ತನಕ ಆ ಕೋಪಕ್ಕೆ ತಡೆಯಿಲ್ಲ.

ಮಾರ್ವೆಲ್‌ನ ಎದುರಾಳಿ ಕಾಮಿಕ್ಸ್ ಕಂಪನಿ ಡಿಸಿಯಲ್ಲಿ ವಂಡರ್ ವುಮನ್, ಜ್ಯೂಸ್, ಹರ್ಕ್ಯುಲಿಸ್‌ನಂಥವರ ಶಕ್ತಿ ಪಡೆಯುವ ಶಜಾಮ್ ಇದ್ದಾರೆ. ಅವರು ದೇವರ ವರ ಪಡೆದವರು, ಆ ಲೆಕ್ಕ ಬೇರೆ.

ದೇವರನ್ನು ಬರೀ ದೊಡ್ಡ ಫಿರಂಗಿಯ ಹಾಗೆ ತಂದು ನಿಲ್ಲಿಸಿ, ಕೊನೆಯಲ್ಲಿ ಎಲ್ಲರನ್ನೂ ಹೊಡೆಸಿಬಿಡುವ ಸಂಚಿಕೆಗಳೂ ಬೇಕಾದಷ್ಟಿವೆ. ನಿಮಗೆ ಬೇಸರ ತಂದದ್ದು ಅಂಥವೇ ಇರಬೇಕು. ಓದೋದಾದರೆ ಅವೆಂಜರ್ಸ್ 270ರಿಂದ 285ರವರೆಗೆ ಒಟ್ಟಿಗೆ ಓದಿ. ಜ್ಯೂಸ್ ಕಥೆ 281ರಲ್ಲಿ ಶುರುವಾಗುತ್ತೆ, ಆದರೆ ನೇರವಾಗಿ ಅಲ್ಲಿಗೆ ಹಾರಬೇಡಿ. ಹರ್ಕ್ಯುಲಿಸ್ ಏಟು ತಿನ್ನುವ 274 ಓದದೆ ಹೋದರೆ ಆ ಅಪ್ಪನ ಕೋಪ ಬರೀ ಆರ್ಭಟವಾಗಿ ಕಾಣುತ್ತೆ.