ಮೊಳೆಗೆ ಜಗ್ಗದ ಟೈರ್ ಇದೆಯೇ?

ಪ್ರಶ್ನೆ: ಪೀಣ್ಯದಿಂದ ಬೆಳ್ಳಂದೂರಿಗೆ ದಿನಾ ಬೈಕಿನಲ್ಲಿ ಓಡಾಡುತ್ತೇನೆ. 2014ರ ಸ್ಪ್ಲೆಂಡರ್, ಸ್ಪೋಕ್ ಚಕ್ರ, ಟ್ಯೂಬ್ ಟೈರ್. ಮೂರು ತಿಂಗಳಲ್ಲಿ ಹಿಂದಿನ ಚಕ್ರ ನಾಲ್ಕು ಸಲ ಪಂಚರ್ ಆಗಿದೆ. ಮೊಳೆ ಚುಚ್ಚಿದರೂ ಗಾಳಿ ಹೋಗದ ಟೈರ್ ಬಂದಿದೆಯಂತೆ, ಹಾಕಿಸಲೇ? ಇದೇ ರಿಮ್ಮಿಗೆ ಟ್ಯೂಬ್‌ಲೆಸ್ ಕೂರುತ್ತದೆ ಎನ್ನುತ್ತಾರೆ ಅಂಗಡಿಯವರು.

ಉತ್ತರ: ದುಡ್ಡು ಬಿಚ್ಚುವ ಮೊದಲು ಚಕ್ರ ಬಿಚ್ಚಿಸಿ. ಬೆಂಗಳೂರಿನ ರಸ್ತೆಗಳಲ್ಲಿ ಸಂಚಾರ ಪೊಲೀಸರೇ ಮೊಳೆ ಹೆಕ್ಕಿದ್ದುಂಟು, ನಿಜ. ಮುಂದಿನ ಚಕ್ರ ಎಬ್ಬಿಸಿದ ಮೊಳೆ ಹಿಂದಿನದಕ್ಕೆ ಚುಚ್ಚುವುದೂ ಮಾಮೂಲು. ಆದರೂ ಒಂದೇ ಚಕ್ರಕ್ಕೆ ನಾಲ್ಕು ಸಲ ಅಂದರೆ ನನಗೆ ಅನುಮಾನ ಬರುವುದು ಆ ಚಕ್ರದ ಮೇಲೆಯೇ.

ಟ್ಯೂಬಿನ ತೂತು ಯಾವ ಕಡೆಗಿದೆ ನೋಡಿ. ರಸ್ತೆಯ ಕಡೆಗಿದ್ದರೆ ಮೊಳೆಯದೋ ತಂತಿಯದೋ ಮುರಿದ ತುದಿ ಟೈರಿನಲ್ಲೇ ಉಳಿದಿರಬಹುದು. ಹೊಸ ಟ್ಯೂಬ್ ಹಾಕಿದರೂ ಅದು ಮತ್ತೆ ಚುಚ್ಚುತ್ತದೆ. ಟೈರಿನ ಒಳಮೈಯನ್ನು ಹತ್ತಿಬಟ್ಟೆಯಿಂದ ಸವರಿದರೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿದ್ದಾನೆ ಕಳ್ಳ. ಬರಿಗೈ ಹಾಕಬೇಡಿ. ತೂತು ರಿಮ್ಮಿನ ಕಡೆಗಿದ್ದರೆ ರಿಮ್ ಟೇಪ್ (ರಿಮ್ಮಿನ ಮೇಲೆ, ಟ್ಯೂಬಿನ ಅಡಿಗೆ ಸುತ್ತುವ ಪಟ್ಟಿ) ಸವೆದು ಸ್ಪೋಕ್ ತುದಿಯೋ ತುಕ್ಕೋ ಟ್ಯೂಬನ್ನು ಕೊರೆಯುತ್ತಿದೆ, ಆ ತುದಿ, ತುಕ್ಕು ಉಜ್ಜಿಸಿ ಹೊಸ ಟೇಪ್ ಹಾಕಿಸಿ. ವಾಲ್ವಿನ ಬುಡ ಹರಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ಆಗ ಬ್ರೇಕ್ ಹಿಡಿದಾಗ ಟೈರ್ ರಿಮ್ಮಿನ ಮೇಲೆ ಜಾರಿ ಟ್ಯೂಬನ್ನೂ ಎಳೆಯುತ್ತದೆ.

ಈಗ ಅಂಗಡಿಯವರ ಮಾತು. ಕೂರುತ್ತದೆ, ಸುಳ್ಳಲ್ಲ. ಆದರೆ ಮಾಮೂಲಿ ಸ್ಪೋಕ್ ರಿಮ್ಮಿನಲ್ಲಿ ಪ್ರತಿ ಕಡ್ಡಿಗೂ ಒಂದು ತೂತು, ಗಾಳಿ ನಿಲ್ಲಬೇಕಾದರೆ ಒಳಗೆ ಟ್ಯೂಬ್ ಇರಲೇಬೇಕು. ಮೊಳೆ ಚುಚ್ಚಿದಾಗ ಹರಿಯುವುದು ಆ ಟ್ಯೂಬೇ. ನಿಜವಾದ ಟ್ಯೂಬ್‌ಲೆಸ್‌ನಲ್ಲಿ ಟೈರೇ ಮೊಳೆಯನ್ನು ಬಿಗಿಹಿಡಿಯುತ್ತದೆ, ಗಾಳಿ ಮೆಲ್ಲಗೆ ಸೋರುತ್ತದೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಗಾಡಿ ತಳ್ಳುವ ಬದಲು ಕೆಳಗಿಳಿದು ಪಂಚರ್ ಅಂಗಡಿ ಹುಡುಕುವಷ್ಟು ಹೊತ್ತು ಸಿಗುತ್ತದೆ. ಅಷ್ಟು ಸಿಕ್ಕರೆ ಸಾಕಲ್ಲವೇ? ಆ ಲಾಭ ಬೇಕೆಂದರೆ ಚಕ್ರವನ್ನೇ ಬದಲಿಸಿ. ನಿಮ್ಮ ಮಾಡೆಲಿಗೆ ಹೊಂದುವ, ಗಾಡಿ ಕಂಪನಿಯದೇ ಅಲಾಯ್ (ಕಡ್ಡಿಗಳಿಲ್ಲದ, ಅಚ್ಚು ಹೊಯ್ದ ಲೋಹದ ಚಕ್ರ) ತೆಗೆದುಕೊಳ್ಳಿ. ಎಲ್ಲ ಅಲಾಯ್‌ಗಳೂ ಟ್ಯೂಬ್‌ಲೆಸ್ ಅಲ್ಲ, ಚಕ್ರದ ಮೇಲೆ ಆ ಗುರುತು ನೋಡಿಯೇ ಕೊಳ್ಳಿ.

ನೀವು ಕೇಳಿದ ಟೈರ್ ಒಳಮೈಗೆ ಅಂಟು ಬಳಿದದ್ದು. ಮೊಳೆ ಕಿತ್ತಾಗ ಅಂಟು ತೂತಿಗೆ ಹರಿದು ಮುಚ್ಚುತ್ತದೆ. ಸಿಯೆಟ್ ಕಂಪನಿ ತನ್ನ ಇಂಥ ಟೈರಿಗೆ ಹೇಳಿಕೊಳ್ಳುವ ಮಿತಿ 2.5 ಮಿ.ಮೀ. ದಪ್ಪದ ಮೊಳೆ. ಅದಕ್ಕಿಂತ ದಪ್ಪದ್ದು ಚುಚ್ಚಿದರೆ, ಅಥವಾ ಟೈರಿನ ಪಕ್ಕೆ ಸೀಳಿದರೆ ಭರವಸೆ ಇಲ್ಲ. ಅಲಾಯ್ ಹಾಕಿಸಿದ ಮೇಲೆ ನಿಮ್ಮ ಅಳತೆಯಲ್ಲಿ ಸಿಕ್ಕರೆ ಧಾರಾಳವಾಗಿ ತೆಗೆದುಕೊಳ್ಳಿ. ತೂತು ಮುಚ್ಚಲೆಂದು ಟ್ಯೂಬಿಗೆ ಸುರಿಯುವ ಸೀಲಂಟ್ ದ್ರವಕ್ಕೆ ಮಾತ್ರ ನಾನು ದುಡ್ಡು ಹಾಕುವುದಿಲ್ಲ. ಹಿಗ್ಗಿದ ಟ್ಯೂಬ್ ಹರಿಯುತ್ತಾ ಹೋಗುತ್ತದೆ, ದ್ರವ ಅದನ್ನು ಹಿಡಿದು ನಿಲ್ಲಿಸಲಾರದು.

ಸದ್ಯಕ್ಕೆ ಸ್ಪೋಕ್ ಚಕ್ರವೇ ಇರಲಿ ಎಂದಾದರೆ, ಟೈರ್ ಪೂರ್ತಿ ಬೋಳಾಗುವ ತನಕ ಕಾಯಬೇಡಿ. ರಬ್ಬರ್ ತೆಳುವಾದಷ್ಟೂ ಚಿಕ್ಕ ತಂತಿಯೂ ಒಳಗಿಳಿಯುತ್ತದೆ. ಹೊಸದು ಕೊಳ್ಳುವಾಗ ಪಕ್ಕೆಯಲ್ಲಿ ನಾಲ್ಕು ಅಂಕಿ ಓದಿ: 1825 ಎಂದಿದ್ದರೆ 2025ರ 18ನೇ ವಾರ ತಯಾರಾದದ್ದು. ಅಂಗಡಿಯ ಅಟ್ಟದಲ್ಲಿ ಐದಾರು ವರ್ಷ ಮಲಗಿದ್ದ ಟೈರನ್ನು ‘ಹೊಸದೇ ಸರ್’ ಎಂದು ಕೊಟ್ಟರೆ ವಾಪಸು ಕೊಟ್ಟುಬಿಡಿ.