ಅಜ್ಜನ ಪಟ್ಟಿಯಲ್ಲಿ ಇಲ್ಲದ ದೂರು

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹುಡುಗನನ್ನು ಮಾಣಿ ಎಂದೇ ಕರೆಯುತ್ತೇನೆ. ಶಿರಸಿ ಸುತ್ತಲಿನ ತೋಟದ ಮನೆಗಳಲ್ಲಿ ಹುಡುಗರೆಲ್ಲ ಮಾಣಿಗಳೇ, ಹಾಗಾಗಿ ಯಾರೂ ಸಿಕ್ಕಿಬೀಳುವುದಿಲ್ಲ.)

ಮಾರಿಕಾಂಬಾ ಜಾತ್ರೆ ಮುಗಿದು ಎರಡು ವಾರ ಆಗಿತ್ತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಆ ದಿನಗಳಲ್ಲಿ ಶಿರಸಿಯ ಸುತ್ತಮುತ್ತ ನೆಂಟರಿಲ್ಲದ ಮನೆ ಹುಡುಕಬೇಕು. ಜಾತ್ರೆಯ ನಂತರ ಆಪ್ತಸಲಹೆಗೆಂದು ನನ್ನ ಹತ್ತಿರ ಬರುವವರೂ ಸ್ವಲ್ಪ ಜಾಸ್ತಿ. ನೆಂಟರ ಎದುರು ನುಂಗಿಕೊಂಡದ್ದೆಲ್ಲ ಆಮೇಲೆ ಹೊರಗೆ ಬರಬೇಕಲ್ಲ.

ಆ ದಿನ ಬಂದವರು ನಾಲ್ಕು ಜನ. ಅಜ್ಜ, ಮಗ, ಸೊಸೆ, ಮೊದಲನೇ ಪಿಯುಸಿ ಪರೀಕ್ಷೆ ಬರೆದು ಕೂತಿದ್ದ ಮಾಣಿ. ಅಜ್ಜ ಜೇಬಿನಿಂದ ಒಂದು ಚೀಟಿ ತೆಗೆದರು. ಅಡಿಕೆ ಮಾರಿದ ರಸೀದಿ. ಅದರ ಹಿಂಬದಿಯಲ್ಲಿ ನಂಬರ್ ಹಾಕಿ ಆರು ದೂರು ಬರೆದಿದ್ದರು. ಓದಿ ಹೇಳಿದರು.

ಯಾರಾದರೂ ಜಗುಲಿಗೆ ಬಂದರೆ ಮಾಣಿ ಎದ್ದು ನಿಲ್ಲುವುದಿಲ್ಲ. 'ಆಸ್ರಿಗೆ ಎಂತ?', ಅಂದರೆ ಕುಡಿಯಲು ಏನು ಬೇಕು ಎಂದು ಕೇಳುವುದಿಲ್ಲ. ಮಾತಾಡಿಸಿದರೆ 'ಹಾಂ', 'ಇಲ್ಲ', ಅಷ್ಟೇ. ಊಟದ ಪಂಕ್ತಿಯಿಂದ ಎಲ್ಲರಿಗಿಂತ ಮೊದಲು ಏಳುತ್ತಾನೆ. ಕೈಯಲ್ಲಿ ಯಾವಾಗಲೂ ಮೊಬೈಲು. ಆರನೆಯದು ಜಾತ್ರೆಯದು. ಸಾಗರದಿಂದ ಬಂದ ಹಿರಿಯ ನೆಂಟರೊಬ್ಬರು 'ಈಗ ಎಷ್ಟನೇ ಕ್ಲಾಸು ತಮಾ?' ಎಂದು ಮೂರು ಸಲ ಕೇಳಿದರು. ಇವನು ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡೇ ಎದ್ದು ಮಾಳಿಗೆಗೆ ಹೋದ.

"ನಮ್ಮ ಕಾಲದಲ್ಲಿ ಹೀಗೆ ಮಾಡಿದ್ದರೆ ಹುಣಸೆ ಬರಲು ಮುರಿಯೋ ತನಕ ಬೀಳ್ತಿತ್ತು," ಎಂದರು ಅಜ್ಜ. ಮಗ, ಸೊಸೆ ಇಬ್ಬರ ಕಡೆಗೂ ಕೈ ತೋರಿಸಿದರು. "ಇವರು ಒಂದು ಪೆಟ್ಟು ಕೊಟ್ಟವರಲ್ಲ. ಫ್ರೆಂಡ್ ಥರ ಬೆಳೆಸ್ತೇವೆ ಅಂದರು. ನೋಡಿ, ಫ್ರೆಂಡು ಹೆಂಗೆ ಕೂತಿದಾನೆ."

ಮಾಣಿ ನಿಜಕ್ಕೂ ಚೆನ್ನಾಗೇನೂ ಕೂತಿರಲಿಲ್ಲ. ಕುರ್ಚಿಯಲ್ಲಿ ಅರ್ಧ ಜಾರಿದ್ದ.

ಚೀಟಿ ಮಡಿಸುತ್ತಾ ಅಜ್ಜ ಇನ್ನೊಂದು ಮಾತು ಸೇರಿಸಿದರು. "ಕಾಲವೇ ಹಾಳಾಗಿದೆ ಬಿಡಿ. ಕೊನೆಗೌಡನೂ ಈ ವರ್ಷ ಅರ್ಧ ಕೊನೆ ಕೊಯ್ದು, ಹೇಳದೆ ಕೇಳದೆ ಬಿಟ್ಟು ಹೋದ. ಯಾರಿಗೂ ಮರ್ಯಾದೆ ಇಲ್ಲ ಈಗ." ಮರ ಹತ್ತಿ ಅಡಿಕೆ ಗೊನೆ ಇಳಿಸುವವರಿಗೆ ಇಲ್ಲಿ ಕೊನೆಗೌಡ ಎನ್ನುತ್ತಾರೆ. ಆ ಮಾತನ್ನು ನಾನು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಬೇಕಿತ್ತು.

'ಈಗಿನ ಅಪ್ಪ ಅಮ್ಮಂದಿರದೇ ತಪ್ಪು, ಅಲ್ವಾ ಮೇಡಂ?' ಎಂಬ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಸಾಕ್ರೆಟಿಸ್ ಹೇಳಿದ್ದು ಎಂದು ವಾಟ್ಸ್ಆ್ಯಪ್‌ನಲ್ಲಿ ಒಂದು ಮಾತು ಓಡಾಡುತ್ತದೆ, ನೀವೂ ನೋಡಿರಬಹುದು. ಈಗಿನ ಮಕ್ಕಳಿಗೆ ನಡತೆ ಇಲ್ಲ, ಹಿರಿಯರು ಬಂದರೆ ಏಳುವುದಿಲ್ಲ ಅಂತ. ಅದು ಸಾಕ್ರೆಟಿಸ್ ಆಡಿದ್ದಲ್ಲ. ಕೇಂಬ್ರಿಜ್‌ನಲ್ಲಿ ಓದಿದ ಕೆನೆತ್ ಜಾನ್ ಫ್ರೀಮನ್ ಎಂಬವನು ಹಳೆಯ ಗ್ರೀಕರ ಶಾಲೆಗಳ ಬಗ್ಗೆ ಪ್ರಬಂಧ ಬರೆದಿದ್ದ. 1907ರಲ್ಲಿ ಅಚ್ಚಾಯಿತು. ಆ ಗ್ರೀಕರ ಕಾಲದ ಹಿರಿಯರು ಮಕ್ಕಳ ಮೇಲೆ ಹೇಳುತ್ತಿದ್ದ ದೂರುಗಳನ್ನು ಅವನು ಒಟ್ಟು ಮಾಡಿ ಹೇಳಿದ್ದ. ಹೇಳಿದವರು ಯಾರೇ ಆಗಲಿ, ದೂರು ಮಾತ್ರ ಅಜ್ಜನ ಚೀಟಿಯ ಒಂದನೇ ನಂಬರೇ.

2019ರಲ್ಲಿ ಜಾನ್ ಪ್ರಾಟ್ಜ್ಕೊ ಮತ್ತು ಜೊನಾಥನ್ ಸ್ಕೂಲರ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಇದನ್ನೇ ಕೆದಕಿದರು. ಯಾರಿಗೆ ಯಾವ ಗುಣ ಜಾಸ್ತಿಯೋ, ಅವರಿಗೆ ಈಗಿನ ಹುಡುಗರಲ್ಲಿ ಅದೇ ಗುಣ ಕಮ್ಮಿ ಕಾಣುತ್ತದೆ. ಚೆನ್ನಾಗಿ ಓದಿಕೊಂಡವರಿಗೆ ಹುಡುಗರು ಓದುವುದಿಲ್ಲ ಅನಿಸುತ್ತದೆ. ಹಿರಿಯರ ಮಾತು ಮೀರದವರಿಗೆ ಹುಡುಗರು ಮೀರುತ್ತಾರೆ ಅನಿಸುತ್ತದೆ. ಇದನ್ನು ಅಜ್ಜನಿಗೆ ಹೇಳಿದೆ. "ಅಂದರೆ ನಾನು ಮರ್ಯಾದಸ್ಥ ಆಗಿದ್ದೇ ತಪ್ಪಾಯ್ತಾ?" ಎಂದು ಕೇಳಿದರು. ಅವರ ಜೊತೆ ವಾದಕ್ಕೆ ನಿಲ್ಲುವುದು ಕಷ್ಟ ಎಂದು ಆಗಲೇ ಗೊತ್ತಾಯಿತು.

ಮಾಣಿ ಬೆಂಗಳೂರಿನಲ್ಲಿ ಬೆಳೆದವನು. 2020ರಲ್ಲಿ ಲಾಕ್‌ಡೌನ್ ಆದಾಗ ಅಪ್ಪನಿಗೆ ಮನೆಯಿಂದಲೇ ಕೆಲಸ ಸಿಕ್ಕಿತು. ಊರಿಗೆ ಬಂದರು, ಉಳಿದುಬಿಟ್ಟರು. ಆಗ ಇವನು ಏಳನೇ ತರಗತಿ ಮುಗಿಸಿದ್ದ.

ಮೊದಲ ಸಲ ಒಬ್ಬನೇ ಕೂತಾಗ ಅವನು ಹೆಚ್ಚೇನೂ ಮಾತಾಡಲಿಲ್ಲ. ನಿದ್ದೆ, ಊಟ, ಗೆಳೆಯರು, ಓದು ಎಲ್ಲ ವಿಚಾರಿಸಿದೆ. ಇಂಥ ಮೌನದ ಹಿಂದೆ ಕೆಲವೊಮ್ಮೆ ಖಿನ್ನತೆ ಇರುತ್ತದೆ. ಜನರ ಎದುರು ಹೋಗಲು ವಿಪರೀತ ಭಯವೂ ಇರಬಹುದು. ಅದನ್ನು 'ಸೊಕ್ಕು' ಎಂದು ತಿಳಿದು ತಿಂಗಳುಗಟ್ಟಲೆ ಬೈದ ಮನೆಗಳನ್ನು ನೋಡಿದ್ದೇನೆ. ಇವನಲ್ಲಿ ಹಾಗೆ ಕಾಣಲಿಲ್ಲ. ಆದರೂ ತಾಯಿಗೆ ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ 14416 ಬರೆದುಕೊಟ್ಟೆ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ.

ಎರಡನೇ ಸಲ ಮಾತು ಬಂತು.

"ಬೆಂಗಳೂರಲ್ಲಿ ಬೆಲ್ ಆದರೆ ಬಾಗಿಲು ತೆಗೀಬೇಡ, ಗೊತ್ತಿಲ್ಲದವರ ಹತ್ರ ಮಾತಾಡಬೇಡ ಅಂತ ಆಯಿನೇ (ಅಮ್ಮನೇ) ಹೇಳಿಕೊಟ್ಟಿದ್ದು. ಇಲ್ಲಿ ಜಗುಲಿಗೆ ಬರೋರೆಲ್ಲ ನನಗೆ ಗೊತ್ತಿಲ್ಲದವರೇ. ಅವರಿಗೆ ಮಾತ್ರ ನಾನು ಗೊತ್ತು. ಎಷ್ಟು ಮಾರ್ಕ್ಸು, ಯಾಕೆ ಇಷ್ಟು ಸಪೂರ, ಮುಂದೆ ಎಂತ ಮಾಡ್ತೆ, ಎಲ್ಲ ಕೇಳ್ತಾರೆ. ನಾನು ವಾಪಸ್ ಅದನ್ನೇ ಕೇಳಿದರೆ ಬೈತಾರೆ."

ಇದರಲ್ಲಿ ಸುಳ್ಳೇನಿದೆ ಹೇಳಿ. ಫ್ಲ್ಯಾಟಿನಲ್ಲಿ ಒಳ್ಳೆಯ ಹುಡುಗ ಎನಿಸಿಕೊಂಡ ನಡತೆಯೇ ಜಗುಲಿಯಲ್ಲಿ ಸೊಕ್ಕಾಗಿತ್ತು. ನನಗೂ ಇದರ ಅನುಭವ ಇದೆ. ನನ್ನ ತವರು ಧಾರವಾಡ. ಎಲ್ಲರಿಗೂ 'ರೀ' ಹಚ್ಚುವ ಊರು. ಮದುವೆಯಾಗಿ ಶಿರಸಿಗೆ ಬಂದಾಗ ಹವ್ಯಕರ ಮನೆಯೊಂದರಲ್ಲಿ 'ಆಯಿ ಬಂತು', 'ಅಕ್ಕ ಹೋತು' ಎನ್ನುವುದು ಕೇಳಿ ಗಾಬರಿಯಾಗಿತ್ತು. ಹೆತ್ತ ತಾಯಿಯನ್ನು ಬಂತು ಹೋತು ಅನ್ನುತ್ತಾರಲ್ಲ! ಅದು ಅವರ ಮಾತಿನ ರೀತಿ, ಅದರಲ್ಲಿ ಅಗೌರವ ಚೂರೂ ಇಲ್ಲ ಎಂದು ತಿಳಿಯಲು ವರ್ಷ ಬೇಕಾಯಿತು. ನನಗಾದರೂ ಅತ್ತೆ ಬಿಡಿಸಿ ಹೇಳಿದ್ದರು. ಮಾಣಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗೊತ್ತಿರಬೇಕು ಎಂದುಕೊಂಡಿದ್ದರು.

ಇಲ್ಲಿ ಅಪ್ಪ ಅಮ್ಮನ ಪಾಲು ಇದೆ. ನೆಂಟರು ಏನಾದರೂ ಕೇಳಿದರೆ ಮಾಣಿ ಬಾಯಿ ತೆರೆಯುವ ಮೊದಲೇ ತಾಯಿ ಉತ್ತರ ಕೊಡುತ್ತಿದ್ದರು. 'ಅವನಿಗೆ ನಾಚಿಕೆ' ಎಂದು ಮುಚ್ಚಿಹಾಕುತ್ತಿದ್ದರು. ತಂದೆಯದು ಬೇರೆ ಕಥೆ. ಅವರು ಅದೇ ಹುಣಸೆ ಬರಲಿನ ಪೆಟ್ಟು ತಿಂದು ಬೆಳೆದವರು. ನನ್ನ ಮಗನಿಗೆ ಕೈ ಎತ್ತುವುದಿಲ್ಲ ಎಂದು ಅವನು ಹುಟ್ಟಿದ ದಿನವೇ ನಿಶ್ಚಯ ಮಾಡಿದ್ದರಂತೆ. ಒಳ್ಳೆಯದೇ. ಶಾಲೆಯಲ್ಲೂ ಮಕ್ಕಳನ್ನು ಹೊಡೆಯಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಆದರೆ ಬರಲು ಕೆಳಗಿಟ್ಟ ಕೈಯಲ್ಲಿ ಅವರು ಬೇರೆ ಏನನ್ನೂ ಹಿಡಿಯಲಿಲ್ಲ. 'ಇದು ಸರಿಯಲ್ಲ' ಎಂದು ಹೇಳುವುದೂ ಹೊಡೆದಷ್ಟೇ ತಪ್ಪು ಎನಿಸುತ್ತಿತ್ತು ಅವರಿಗೆ. ಡಯಾನಾ ಬೌಮ್ರಿಂಡ್ ಎಂಬ ಮನಶ್ಶಾಸ್ತ್ರಜ್ಞೆ 1960ರ ದಶಕದಲ್ಲೇ ಬಿಗಿ, ಸಡಿಲ ಎರಡನ್ನೂ ಬಿಟ್ಟು ಮೂರನೆಯ ರೀತಿ ಒಂದನ್ನು ವಿವರಿಸಿದ್ದರು. ಪ್ರೀತಿಯೂ ಇರಬೇಕು, ಗೆರೆಯೂ ಇರಬೇಕು. ಈ ಮನೆಯಲ್ಲಿ ಅಜ್ಜ ಬಿಗಿ, ಅಪ್ಪ ಸಡಿಲ, ಆಯಿ ನಡುವೆ ತೇಪೆ ಹಚ್ಚುವವರು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೂರನೇ ಸಲ ಹೊರಡುವಾಗ ಮಾಣಿ ಬಾಗಿಲ ಹತ್ತಿರ ನಿಂತ.

"ಅಜ್ಜನ ಲಿಸ್ಟಲ್ಲಿ ಕೊನೆಗೌಡಂದು ಇತ್ತಾ?"

ಇಲ್ಲ ಎಂದೆ. ಮತ್ತೆ ಬಂದು ಕೂತ.

ಡಿಸೆಂಬರಿನ ಒಂದು ಭಾನುವಾರ. ಮಾಣಿ ತೋಟಕ್ಕೆ ಫ್ಲಾಸ್ಕಿನಲ್ಲಿ ಚಾ ಒಯ್ದಿದ್ದ. ಕೊನೆಗೌಡನಿಗೆ ಅರವತ್ತರ ಹತ್ತಿರದ ಪ್ರಾಯ. ಮೇಲಿನಿಂದ ಎರಡು ಸಲ ಕೂಗಿದರಂತೆ, ಆ ಬದಿ ನಿಲ್ಲಿ ಎಂದು. ಕಿವಿಯಲ್ಲಿ ಇಯರ್‌ಫೋನ್. ಗೊನೆ ಅವನಿಂದ ಒಂದು ಮಾರು ದೂರದಲ್ಲಿ ಬಿತ್ತು. ಹೆದರಿ ಫ್ಲಾಸ್ಕ್ ಕೈಬಿಟ್ಟ, ಒಡೆಯಿತು. ಹೆದರಿಕೆ ಸಿಟ್ಟಾಯಿತು. "ಏ, ಕಣ್ಣು ಕಾಣೂದಿಲ್ವನೋ ನಿಂಗೆ? ಇಳಿಯೋ ಕೆಳಗೆ!" ಎಂದು ಕಿರುಚಿದ. ಅವರು ಇಳಿದು ಬಂದರು. ಒಡೆದ ಗಾಜು ಆರಿಸಿ ಬದಿಗೆ ಹಾಕಿದರು. "ತಪ್ಪಾಯ್ತು ಸಣ್ಣ ಒಡೇರೆ," ಎಂದರು. ಮರುದಿನ ಕೆಲಸಕ್ಕೆ ಬರಲಿಲ್ಲ.

ಹದಿನಾರರ ಹುಡುಗನಿಗೆ ಬಹುವಚನ. ಅರವತ್ತರ ಮನುಷ್ಯನಿಗೆ ಏಕವಚನ.

"ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ," ಎಂದ ಮಾಣಿ. "ಅಜ್ಜ ಅಲ್ಲೇ ಇದ್ದರು. ಫ್ಲಾಸ್ಕ್ ಒಡೆದದ್ದಕ್ಕೆ ಬೈದರು. ಅಜ್ಜನೂ ಅವನಿಗೆ ಹಾಗೇ ಕರೆಯೋದಲ್ವಾ."

1961ರಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡ್‌ನಲ್ಲಿ ಚಿಕ್ಕ ಮಕ್ಕಳ ಎದುರು ದೊಡ್ಡವರಿಂದ ಗಾಳಿ ತುಂಬಿದ ಬೊಂಬೆಯೊಂದಕ್ಕೆ ಹೊಡೆಸಿದರು. ಆಮೇಲೆ ಮಕ್ಕಳೂ ಹೊಡೆದರು. ದೊಡ್ಡವರು ಹೊಡೆಯುವಾಗ ಆಡಿದ ಮಾತುಗಳನ್ನೂ ಆಡಿದರು. ಮಾಣಿಯ ಈ ಒಂದು ನಡತೆ ಬೆಂಗಳೂರಿನ ಫ್ಲ್ಯಾಟಿನದಲ್ಲ, ಮೊಬೈಲಿನದೂ ಅಲ್ಲ. ಅದು ಜಗುಲಿಯಲ್ಲಿ ಕಲಿತದ್ದು. ಆರು ದೂರೂ ಮೇಲಿನವರಿಗೆ ತೋರಿಸದ ಮರ್ಯಾದೆಯ ಬಗ್ಗೆ. ನನಗೆ ನಿಜವಾಗಿ ಕೆಟ್ಟದು ಎನಿಸಿದ ಏಳನೆಯದು ಆ ಮನೆಯಲ್ಲಿ ದೂರೇ ಆಗಿರಲಿಲ್ಲ.

ಮಾಣಿಯ ಒಪ್ಪಿಗೆ ಕೇಳಿ ಎಲ್ಲರನ್ನೂ ಒಟ್ಟಿಗೆ ಕೂರಿಸಿದೆ. ಕೊನೆಗೌಡನ ವಿಷಯ ಮಾಣಿಯೇ ಹೇಳಿದ. ಅಜ್ಜ ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಲವತ್ತು ವರ್ಷದಿಂದ ಹಾಗೇ ಕರೀತಾ ಬಂದಿದ್ದೇನೆ. ಅವನಿಗೂ ಅದೇ ರೂಢಿ," ಎಂದರು. ರೂಢಿ ಇದ್ದದ್ದಕ್ಕೇ ನಿಮ್ಮ ಮಾತಿಗೆ ಅವರು ಹೋಗಲಿಲ್ಲ, ಮೊಮ್ಮಗನ ಬಾಯಲ್ಲಿ ಕೇಳಿದ ಮೇಲೆ ಹೋದರು ಎಂದೆ. ನನ್ನ ದನಿ ಸ್ವಲ್ಪ ಗಟ್ಟಿಯಾಯಿತು. ಆಪ್ತಸಲಹೆಯಲ್ಲಿ ಅದು ತಪ್ಪು, ಒಪ್ಪುತ್ತೇನೆ.

ಕೊಟ್ಟ ಸಲಹೆ ದೊಡ್ಡದೇನಲ್ಲ. ಅಪ್ಪ ಮಗ ಜೊತೆಗೆ ಹೋಗಿ ಕ್ಷಮೆ ಕೇಳುವುದು ಬೇಡ, ಮಾಣಿ ಒಬ್ಬನೇ ಮಾತಾಡಲಿ. ದುಡ್ಡು, ಹಣ್ಣು ಏನೂ ಒಯ್ಯುವುದು ಬೇಡ. ಮತ್ತೆ ಕೆಲಸಕ್ಕೆ ಬನ್ನಿ ಎಂದು ಆ ದಿನ ಕೇಳಲೇಬಾರದು, ಕೇಳಿದರೆ ಕ್ಷಮೆ ವ್ಯಾಪಾರವಾಗುತ್ತದೆ. ಅವರು ಕ್ಷಮಿಸದೇ ಇದ್ದರೂ ಸುಮ್ನೆ ವಾಪಸ್ ಬರಬೇಕು.

ನೆಂಟರ ವಿಷಯಕ್ಕೆ ಒಂದು ಒಪ್ಪಂದ. ಯಾರಾದರೂ ಬಂದರೆ ಮಾಣಿ ಏಳಬೇಕು, 'ಬನ್ನಿ' ಎನ್ನಬೇಕು, ಬೆಲ್ಲ ನೀರು ತಂದಿಡಬೇಕು, ಆಸ್ರಿಗೆ ಕೇಳಬೇಕು. ಎರಡು ನಿಮಿಷ ಕೂತು ಒಳಗೆ ಹೋಗಬಹುದು. ಅಜ್ಜ ಹತ್ತು ನಿಮಿಷ ಎಂದರು. ಅಡಿಕೆ ರೇಟಿಗೆ ಚೌಕಾಸಿ ಮಾಡಿದ ಹಾಗೆ ಮಾಡಿ ಐದಕ್ಕೆ ನಿಂತಿತು. ಮಾರ್ಕ್ಸ್ ಕೇಳಿದರೆ 'ಪಾಸಾಗಿದ್ದೇನೆ' ಎಂದಷ್ಟೇ ಹೇಳುವ ಹಕ್ಕು ಅವನಿಗೆ. ತಾಯಿ ಉತ್ತರ ಕೊಡುವ ಹಾಗಿಲ್ಲ, ಎಷ್ಟೇ ಹೊತ್ತು ಮೌನವಾದರೂ. ತಪ್ಪಾದರೆ ನೆಂಟರು ಹೋದ ಮೇಲೆ ತಂದೆ ಹೇಳಬೇಕು, ಅದೇ ದಿನ, ಮೆತ್ತಗೆ, ಬಿಡದೆ. ತಂದೆಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು. ನನ್ನ ಎದುರೇ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದರು.

ಊಟದ ಹೊತ್ತಿಗೆ ಮೊಬೈಲ್ ಇಲ್ಲ, ಯಾರಿಗೂ ಇಲ್ಲ. ಇದಕ್ಕೆ ಅಜ್ಜ ಚಪ್ಪಾಳೆ ತಟ್ಟುವುದೊಂದು ಬಾಕಿ. ಊಟದ ಹೊತ್ತಿಗೆ ಜೋರಾಗಿ ಯಕ್ಷಗಾನದ ವಿಡಿಯೋ ಹಾಕುವವರು ಅಜ್ಜನೇ ಎಂದು ಸೊಸೆ ಆಗ ಹೇಳಿದರು. ಆ ದಿನ ಸೊಸೆ ನಕ್ಕದ್ದು ಅದೊಂದೇ ಸಲ.

ಕೊನೆಗೌಡನ ಮನೆಗೆ ಮಾಣಿ ಮುಂದಿನ ವಾರ ಹೋದ. ತಂದೆ ರಸ್ತೆಯಲ್ಲೇ ಕಾರಿನಲ್ಲಿ ಕೂತಿದ್ದರು. "ಹೇಳಬೇಕು ಅಂದುಕೊಂಡಿದ್ದೆಲ್ಲ ಮರೆತುಹೋಯ್ತು," ಎಂದ ನನ್ನ ಹತ್ತಿರ. "ಅವತ್ತು ನಂದೇ ತಪ್ಪು, ನೀವು ಕೂಗಿದ್ದು ನನಗೆ ಕೇಳಲಿಲ್ಲ ಅಂದೆ. ಅವರು ಕುರ್ಚಿ ಕೊಟ್ಟು ತಾವು ನಿಂತೇ ಇದ್ದರು. ನನಗೆ ಕೂರೋದಕ್ಕೂ ಆಗಲಿಲ್ಲ, ಏಳೋದಕ್ಕೂ ಆಗಲಿಲ್ಲ." ಅವರು ಚಾ ಕೊಟ್ಟರಂತೆ. ಮಾಫಿ ಎಂದೇನೂ ಹೇಳಲಿಲ್ಲವಂತೆ.

ನೆಂಟರ ವಿಷಯದಲ್ಲಿ ಮಾಣಿ ಅರ್ಧ ಸುಧಾರಿಸಿದ್ದಾನೆ. ಬೆಲ್ಲ ನೀರು ತರುತ್ತಾನೆ, ಐದು ನಿಮಿಷ ಆಗುತ್ತಲೇ ಗಡಿಯಾರ ನೋಡಿ ಏಳುತ್ತಾನೆ. ಪಂಕ್ತಿಯಿಂದ ಮೊದಲು ಏಳುವುದು ಹಾಗೇ ಇದೆ.

ನವೆಂಬರಿನಲ್ಲಿ ಅಜ್ಜ ಫೋನ್ ಮಾಡಿದ್ದರು. ಮಳೆ, ಕೊಳೆರೋಗ, ಅಡಿಕೆ ರೇಟು ಎಲ್ಲ ಮಾತಾಡಿದರು. ನಾನು ಕೇಳಲಿ ಎಂದು ಕಾದ ಹಾಗಿತ್ತು. ಈ ವರ್ಷ ಕೊನೆ ಕೊಯ್ಲಿಗೆ ಯಾರು ಎಂದು ಕೇಳಿದೆ.

"ಅವನೇ," ಎಂದರು. "ಮುಂದಿನ ವಾರದಿಂದ ಬರ್ತಾನಂತೆ."

ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ.

"ಬರ್ತಾರಂತೆ," ಎಂದರು. "ಈಗ ಸಮಾಧಾನ ಆಯ್ತಾ ನಿಮಗೆ?"