ರಾಯಚೂರಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೇನೆ. ಆಸ್ಟ್ರೇಲಿಯಾದ ಸ್ಕಿಲ್ಡ್ ವೀಸಾಗೆ ಐಟಿಐ ಸರ್ಟಿಫಿಕೇಟ್ ಒಂದೇ ಸಾಕಾ?

ಸಾಲದು. ವೀಸಾಗೆ ಕೌಶಲ ಪರೀಕ್ಷೆಯಲ್ಲೂ ಪಾಸಾಗಬೇಕು. ಅದರ ಹೊಣೆ ಅಲ್ಲಿನ ಸರ್ಕಾರದ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾದ್ದು. ಅದು ಒಪ್ಪಿದ ಸಂಸ್ಥೆ ಮೊದಲು ದಾಖಲೆ ನೋಡುತ್ತದೆ, ಆಮೇಲೆ ಎದುರಿಗೇ ಕೆಲಸ ಮಾಡಿಸಿ ನೋಡುತ್ತದೆ.

ನಮ್ಮ ಕಡೆಯವರು ಎಡವುವುದು ದಾಖಲೆಯಲ್ಲೇ. ಶಕ್ತಿನಗರದಲ್ಲೋ ತೋರಣಗಲ್ಲಿನಲ್ಲೋ ಗುತ್ತಿಗೆದಾರರ ಕೆಳಗೆ ವರ್ಷಗಟ್ಟಲೆ ದುಡಿದಿರುತ್ತಾರೆ, ಕೈಯಲ್ಲಿ ಒಂದು ಕಾಗದ ಇರುವುದಿಲ್ಲ. ಸುಮ್ನೆ 'ಎಲೆಕ್ಟ್ರಿಷಿಯನ್ ಆಗಿದ್ದರು' ಅಂತ ಬರೆದ ಪತ್ರದಿಂದ ಉಪಯೋಗವಿಲ್ಲ. ಏನೇನು ಕೆಲಸ, ಯಾವ ಉಪಕರಣ, ಯಾವಾಗಿನಿಂದ ಯಾವಾಗಿನವರೆಗೆ ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್ ಜೋಪಾನವಾಗಿಡಿ. ಗುತ್ತಿಗೆ ಮುಗಿಯುವ ಮುಂಚೆಯೇ ಕೇಳಿ, ಆಮೇಲೆ ಅವರನ್ನು ಹುಡುಕುವುದು ಕಷ್ಟ ಅಲ್ವಾ?

ಪಾಸಾದರೂ ಲೈಸೆನ್ಸ್ ಬೇರೆಯೇ. ಅಲ್ಲಿಗೆ ಹೋದ ಮೇಲೆ ತಾತ್ಕಾಲಿಕ ಲೈಸೆನ್ಸ್ ಪಡೆದು, ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾ ಅಲ್ಲಿನ ನಿಯಮಗಳ ತರಬೇತಿ ಮುಗಿಸಬೇಕು.